ಇಳೀತಾ ಇದೆ

ಚಂದಕವಾಡಿ ಸುತ್ತಿನ ಹಳ್ಳಿಗಳಲ್ಲಿ ಚೇಳನ್ನು ಚೇಳು ಎಂದು ಯಾರೂ ಕರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಅನ್ನುವ ಭಯ. ಹುಳ ಅನ್ನುತ್ತಾರೆ. ಕುಟುಕಿತು ಅನ್ನುವುದೂ ಇಲ್ಲ, ಮುಟ್ಟಿತು ಅನ್ನುತ್ತಾರೆ. ಹುಳ ಮುಟ್ಟಿದವರನ್ನು ಒಂದು ಕಾಲದಲ್ಲಿ ಹೆಗಲ ಮೇಲೋ ಗಾಡಿಯಲ್ಲೋ ಹಾಕಿಕೊಂಡು ನೇರವಾಗಿ ಚಿಕ್ಕಮಲ್ಲಪ್ಪನವರ ಜಗಲಿಗೆ ತರುತ್ತಿದ್ದರು. ಅವರು ಇಳಿಸುತ್ತಿದ್ದರು. ಮೂವತ್ತೆಂಟು ವರ್ಷದಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಆ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು, ಒಬ್ಬೊಬ್ಬರ ಹೆಸರು, ಊರು, ಮುಟ್ಟಿದ ಬೆರಳು ಎಲ್ಲವನ್ನೂ ತಪ್ಪದೆ ಹೇಳುತ್ತಿದ್ದರು.

ಇಳಿಸುವ ಕೆಲಸಕ್ಕೆ ಒಂದು ಕ್ರಮವಿತ್ತು. ಮುಟ್ಟಿದ ಹುಳದ ಮೇಲೆ ಮೊದಲು ಒಂದು ಪಾತ್ರೆ ಕವುಚಬೇಕು. ಕೊಲ್ಲಬಾರದು. ಇತ್ತ ಮನುಷ್ಯನ ಮೈಯಿಂದ ವಿಷ ಇಳಿಯುವ ತನಕ ಅತ್ತ ಅದು ಕತ್ತಲಲ್ಲಿ ಇರಬೇಕು. ಆಮೇಲೆ ಚಿಕ್ಕಮಲ್ಲಪ್ಪ ಬೇವಿನ ಸೊಪ್ಪು ಹಿಡಿದು ಎದುರಿಗೆ ಕೂತು, ತುಟಿಯೊಳಗೇ ಮಂತ್ರ ಹೇಳುತ್ತ, ನೋವು ಏರಿದ ಜಾಗದಿಂದ ಮುಟ್ಟಿದ ಜಾಗದವರೆಗೆ ನೀವುತ್ತಿದ್ದರು. ನಡುನಡುವೆ ಒಂದೇ ಪ್ರಶ್ನೆ: ಇಳೀತಾ? ಕೂತವರು ಇಳೀತು ಅಂದರೆ ಮುಗಿಯಿತು. ಇಳಿದ ಮೇಲೂ ಹೊತ್ತು ನೆತ್ತಿ ದಾಟುವವರೆಗೆ ನೀರು ಕುಡಿಯುವಂತಿಲ್ಲ, ಹರಿಯುವ ನೀರು ದಾಟುವಂತಿಲ್ಲ.

ವಿದ್ಯೆ ಬಂದದ್ದು ಅವರ ತಂದೆ ಶಿವಮಲ್ಲಪ್ಪನಿಂದ. ಕಲಿಸುವಾಗ ತಂದೆ ಮೂರು ಮಾತು ಹೇಳಿದ್ದರು. ಹುಳವನ್ನು ನೋಡಿ ಮುಚ್ಚು. ಕೆಂಪಗಿದ್ದರೆ ಕೂರಬೇಡ, ಅದು ನಮ್ಮ ಮಾತು ಕೇಳುವ ಜಾತಿಯಲ್ಲ. ಮತ್ತೆ, ಇಳಿಯಲಿಲ್ಲ ಅನ್ನುವ ಮಾತನ್ನು ಯಾವತ್ತೂ ನಿನ್ನ ಬಾಯಿಂದ ಆಡಬೇಡ, ಆಡಿದ ದಿನವೇ ವಿದ್ಯೆ ಹೋಗುತ್ತದೆ. ಮೂರನೆಯದನ್ನು ಚಿಕ್ಕಮಲ್ಲಪ್ಪ ಚೆನ್ನಾಗಿ ನೆನಪಿಟ್ಟುಕೊಂಡರು. ಮೊದಲೆರಡರ ಕತೆ ಬೇರೆ. ಶುರುವಿನ ಹತ್ತು ವರ್ಷ ನೋಡಿಯೇ ಮುಚ್ಚಿದರು. ಸಿಕ್ಕಿದ್ದೆಲ್ಲ ಕರಿಯವು, ಅಂಗೈಯಗಲದವು, ನೋಡಿದರೆ ಎದೆ ಝಲ್ ಅನ್ನಬೇಕು, ಅಂಥವು. ನೋಡಿ ನೋಡಿ ಬೇಜಾರಾಗಿ ಆಮೇಲೆ 'ಮುಚ್ಚಿ' ಅಂತಷ್ಟೇ ಹೇಳತೊಡಗಿದರು. ನೋಡುವುದು ಯಾವಾಗ ಬಿಟ್ಟುಹೋಯಿತೋ ಅವರಿಗೇ ಗೊತ್ತಿಲ್ಲ.

ಈಚೆಗೆ ಏಳು ವರ್ಷದಿಂದ ಜಗಲಿ ಖಾಲಿ. ಊರಿಗೆ ಡಾಂಬರು ರಸ್ತೆ ಬಂತು, ಆಟೋ ಬಂತು, ಫೋನು ಮಾಡಿದರೆ ಆಂಬುಲೆನ್ಸ್ ಬಂತು. ಚಿಕ್ಕಮಲ್ಲಪ್ಪ ಮಾತ್ರ ಜಗಲಿ ಖಾಲಿಯಾದ ತಪ್ಪನ್ನೆಲ್ಲ ಸೊಸೆ ದಾನೇಶ್ವರಿಯ ತಲೆಗೇ ಕಟ್ಟಿದರು. ಅವಳು ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು ಅವಳ ಕೆಲಸ. ಒಂದು ದಿನ ಊಟಕ್ಕೆ ಬಡಿಸುತ್ತ ಅವಳು, ಟ್ರೇನಿಂಗಿನಲ್ಲಿ ಹೇಳಿಕೊಟ್ಟದ್ದನ್ನು ಅಂದುಬಿಟ್ಟಳು. ಕರಿಯದು ಮುಟ್ಟಿದರೆ ನೀವು ಸೊಪ್ಪು ಆಡಿಸಿದರೂ ಅಷ್ಟೇ, ಸುಮ್ಮನೆ ಕೂತರೂ ಅಷ್ಟೇ ಮಾವ, ಸಂಜೆಗೆ ನೋವು ತಾನೇ ಕಡಿಮೆಯಾಗುತ್ತದೆ. ಚಿಕ್ಕಮಲ್ಲಪ್ಪ ತಟ್ಟೆ ಸರಿಸಿ ಎದ್ದರು. ಒಂದೂವರೆ ತಿಂಗಳು ಅವಳ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಮಗನ ಕೈಲಿ ಕೇಳಿಸುತ್ತಿದ್ದರು.

ಫೆಬ್ರವರಿಯ ಒಂದು ಭಾನುವಾರ. ಹೊಲದಲ್ಲಿ ಅರಿಸಿನ ಬೇಯಿಸುವ ಕೆಲಸ ನಡೆದಿತ್ತು. ದಾನೇಶ್ವರಿ ಪೋಲಿಯೊ ಹನಿ ಹಾಕುವ ಡ್ಯೂಟಿಗೆಂದು ಬೆಳಿಗ್ಗೆಯೇ ಚಂದಕವಾಡಿಗೆ ಹೋಗಿದ್ದಳು. ಒಂಬತ್ತು ಗಂಟೆಗೆ ಚಾಮರಾಜನಗರದಿಂದ ವ್ಯಾಪಾರಿ ಕಲಂದರ್ ತನ್ನ ಗೂಡ್ಸ್ ಗಾಡಿಯಲ್ಲಿ ಬಂದ. ಹನ್ನೆರಡು ವರ್ಷದಿಂದ ಆ ಹೊಲದ ಅರಿಸಿನ ಅವನಿಗೇ ಹೋಗುವುದು. ಚಿಕ್ಕಮಲ್ಲಪ್ಪನವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದ, ಅವರು ಹೇಳಿದ ಮಾತಿಗೆ ಎದುರಾಡಿದವನಲ್ಲ. ಆವತ್ತು ಜೊತೆಗೆ ಮಗಳು ಮಿಸ್ಬಾಳನ್ನೂ ಕರೆತಂದಿದ್ದ. ಒಂಬತ್ತು ವರ್ಷದ ಹುಡುಗಿ, ಬೇಯುವ ಅರಿಸಿನ ನೋಡಬೇಕು ಅಂತ ಒಂದು ವಾರದಿಂದ ಅಪ್ಪನ ಜೀವ ತಿಂದಿದ್ದಳಂತೆ. ಬಂದವಳೇ ಚಿಕ್ಕಮಲ್ಲಪ್ಪನವರಿಗೆ ನಮಸ್ಕಾರ ತಾತ ಅಂದಳು. ಕೇಳಿದ್ದಕ್ಕೆಲ್ಲ ನಿಂತು ಉತ್ತರ ಕೊಟ್ಟಳು. ಎಷ್ಟು ಮರ್ಯಾದೆ ಕಲಿಸಿದ್ದಾರೆ ಮಗುವಿಗೆ ಅಂತ ಅವರಿಗೆ ಬಲು ಇಷ್ಟವಾಯಿತು.

ಬದುವಿನ ಪಕ್ಕದಲ್ಲಿ ಅರಿಸಿನದ ಒಣಗಿದ ಎಲೆಗಳ ರಾಶಿ ಬಿದ್ದಿತ್ತು. ರಾಶಿಯಿಂದ ಒಂದು ನವಿಲುಗರಿಯ ತುದಿ ಈಚೆಗೆ ಕಾಣುತ್ತಿತ್ತು. ಮಿಸ್ಬಾ ಅದನ್ನು ಎಳೆಯಲು ಹೋಗಿ, ಬರಲಿಲ್ಲವೆಂದು ಮೊಣಕೈವರೆಗೂ ಒಳಗೆ ಕೈ ಹಾಕಿದಳು.

ಕಿರುಚಿದ್ದು ಕೇಳಿ ಮೊದಲು ಓಡಿದವನು ಹೊಲದ ಆಳು ಪುಟ್ಟಮಾದು. ಎಲೆಯ ನಡುವೆ ಏನೋ ಸರಿದದ್ದು ಕಂಡು, ಕೈಯಲ್ಲಿದ್ದ ನೀರಿನ ಚೊಂಬನ್ನೇ ಬರಿದು ಮಾಡಿ ಕವುಚಿಬಿಟ್ಟ. ಕರಿಯೋ ಕೆಂಪೋ ನೋಡಲಿಲ್ಲ. ಸಣ್ಣ ಹುಳ, ಬುದ್ಧಿ, ಬೆರಳುದ್ದನೂ ಇಲ್ಲ, ಎಂದು ಯಜಮಾನರಿಗೆ ಅಂದ. ಸಣ್ಣದು ಎಂದು ಕೇಳಿ ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಅಲ್ಲಿದ್ದವರ ತಲೆಯಲ್ಲಿ ದೊಡ್ಡದು ಅಂದರೆ ಹೆಚ್ಚು ವಿಷ, ಸಣ್ಣದು ಅಂದರೆ ಕಡಿಮೆ.

ಕಲಂದರ್ ಮಗಳನ್ನು ಎತ್ತಿಕೊಂಡು ಗಾಡಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದವನು ನಿಂತ. ತಿರುಗಿ ಚಿಕ್ಕಮಲ್ಲಪ್ಪನವರ ಮುಖ ನೋಡಿದ.

"ಆಸ್ಪತ್ರೆಗೆ ಹೋಗ್ಲಾ, ಇಲ್ಲಾ ನೀವೇ ಇಳಿಸ್ತೀರಾ ಅಪ್ಪಾಜಿ?"

ಏಳು ವರ್ಷದಿಂದ ಯಾರೂ ಕೇಳದೇ ಇದ್ದ ಮಾತು. ಚಿಕ್ಕಮಲ್ಲಪ್ಪನವರಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಮಗು ಬೆರಳು ಹಿಡಿದುಕೊಂಡು ಅಳುತ್ತಿರುವಾಗ ಅವರಿಗೆ ಖುಷಿಯಾಯಿತು. ಚೊಂಬಿನ ಕಡೆ ಒಂದು ಸಲ ನೋಡಿದರು. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಅಪ್ಪ ಹೇಳಿದ್ದು ನೆನಪಿಗೆ ಬಾರದೆ ಇರಲಿಲ್ಲ. ಎತ್ತಿದರೆ ಓಡಿಬಿಡುತ್ತದೆ, ಸಣ್ಣದು ಬೇರೆ, ಎಲ್ಲರೂ ನೋಡುತ್ತಿದ್ದಾರೆ ಬೇರೆ. ಪುಟ್ಟಮಾದುವಿಗೆ ಬೇವಿನ ಸೊಪ್ಪು ತರಲು ಹೇಳಿ, ಹೊಂಗೆ ಮರದ ನೆರಳಲ್ಲಿ ಗೋಣಿಚೀಲ ಹಾಸಿಸಿ, ಕೂತರು.

ನೋವು ಎಲ್ಲಿದೆ ಎಂದು ಮೊದಲ ಸಲ ಕೇಳಿದಾಗ ಮಿಸ್ಬಾ ಮೊಣಕೈಗೆ ಬಂದಿದೆ ಅಂದಳು. ಎರಡನೆಯ ಸಲ ತೋಳಿಗೆ ಬಂದಿದೆ ಅಂದಳು. ಚಿಕ್ಕಮಲ್ಲಪ್ಪ ಕಣ್ಣು ಮುಚ್ಚಿ, ತಂದೆಯನ್ನು ನೆನೆದು, ತೋಳಿನಿಂದ ಬೆರಳಿನ ತುದಿಯವರೆಗೆ ಸೊಪ್ಪು ನೀವಿದರು. ಕಾಲು ಗಂಟೆ ಆಗಿರಬಹುದು. ಹುಡುಗಿಯ ಅಳು ನಿಂತಿತ್ತು. ಅವಳು ಇನ್ನೊಂದು ಕೈಯಿಂದ ಕತ್ತಿನ ಹಿಂಭಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಇಳೀತಾ ಅವ್ವ?"

"ಇಳೀತಾ ಇದೆ ತಾತ."

ಪುಟ್ಟಮಾದು ಕೈ ಮುಗಿದ. ಕಲಂದರ್ ಕಣ್ಣೊರೆಸಿಕೊಂಡ. ಚಿಕ್ಕಮಲ್ಲಪ್ಪನವರಿಗೆ ಅರವತ್ತೆಂಟರಲ್ಲಿ ಒಂದು ಇಪ್ಪತ್ತು ವರ್ಷ ಕಳಚಿ ಬಿದ್ದ ಹಾಗಾಯಿತು. ನಿಮ್ಮ ಕೆಲಸ ನೋಡಿಕೊಳ್ಳಿ ಸಾಬ್ರೇ, ಮಗು ನನ್ನ ಹತ್ತಿರ ಇರಲಿ ಎಂದು ಕಲಂದರನನ್ನು ಅರಿಸಿನದ ಕಡೆ ಕಳಿಸಿದರು. ಅವನೂ ಹೋದ. ಅಪ್ಪಾಜಿ ಹೇಳಿದ ಮೇಲೆ ಮುಗಿಯಿತು.

ಮಿಸ್ಬಾ ನೀರು ಕೇಳಿದಳು. ಹೊತ್ತು ನೆತ್ತಿ ದಾಟಲಿ ಎಂದರು. ಸರಿ ತಾತ ಅಂದಳು. ಸ್ವಲ್ಪ ಹೊತ್ತಿಗೆ ಗೋಣಿಚೀಲದ ಪಕ್ಕಕ್ಕೆ ಬಾಗಿ ವಾಂತಿ ಮಾಡಿದಳು. ಪುಟ್ಟಮಾದು ಹೆದರಿ ನೋಡಿದ. ವಿಷ ಕಕ್ಕಿಬಿಟ್ಟಳು, ಒಳ್ಳೆಯದೇ ಆಯಿತು ಬಿಡು ಅಂದರು ಚಿಕ್ಕಮಲ್ಲಪ್ಪ. ಹಾಗೆ ಅಂದದ್ದು ಅವನಿಗೋ ತಮಗೋ, ದೇವರೇ ಬಲ್ಲ.

ಗಾಳಿ ತಣ್ಣಗೆ ಬೀಸುತ್ತಿತ್ತು. ಪುಟ್ಟಮಾದು ಬೆಳಿಗ್ಗೆ ಕಿವಿಗೆ ಸುತ್ತಿದ ಟವೆಲ್ಲನ್ನು ಇನ್ನೂ ಬಿಚ್ಚಿರಲಿಲ್ಲ. ಅಂಥ ಗಾಳಿಯಲ್ಲಿ, ಅಂಥ ನೆರಳಲ್ಲಿ, ಮಗುವಿನ ಕೂದಲು ಹಣೆಗೆ ಅಂಟಿಕೊಂಡಿತ್ತು. ಹಳದಿ ಫ್ರಾಕು ಬೆನ್ನಿನ ಮೇಲೆ ಒದ್ದೆಯಾಗಿ ಬಣ್ಣ ಬದಲಾಗಿತ್ತು. ಚಿಕ್ಕಮಲ್ಲಪ್ಪ ಅದನ್ನು ನೋಡಿದರು. ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಬಿಸಿಲಲ್ಲಿ ಓಡಾಡಿದ್ದಳಲ್ಲ, ಅದಕ್ಕೇ ಇರಬೇಕು. ಅತ್ತದ್ದಕ್ಕೆ ಇರಬೇಕು. ಹೆದರಿದ್ದಕ್ಕೆ ಇರಬೇಕು. ಒಂದಾದ ಮೇಲೊಂದು ಕಾರಣ ಸಿಗುತ್ತಲೇ ಹೋಯಿತು.

ಹತ್ತು ಹೆಜ್ಜೆ ದೂರದಲ್ಲಿ ಚೊಂಬು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಒಳಗಿನಿಂದ ಕರಕರ ಸದ್ದು ಬಂದಂತಾಯಿತು. ಅಷ್ಟು ದೂರಕ್ಕೆ ಕೇಳುವ ಸದ್ದಲ್ಲ ಅದು, ಆದರೂ ಅವರಿಗೆ ಕೇಳಿತು. ಎದ್ದು ಹೋಗಿ ಎತ್ತಿ ನೋಡಬೇಕು ಅನ್ನಿಸಿತು. ಕೆಂಪಗಿದ್ದರೆ? ನೋಡದೇ ಇದ್ದರೆ ಕರಿಯದೇ. ಕೂತಲ್ಲಿಂದ ಏಳಲಿಲ್ಲ.

ಇಳಿದ ಮೇಲೆ ಮತ್ತೆ ಸೊಪ್ಪು ಹಿಡಿಯುವ ಪದ್ಧತಿಯಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಚಿಕ್ಕಮಲ್ಲಪ್ಪ ಸೊಪ್ಪು ಹಿಡಿದರು. ಈ ಸಲ ಮಂತ್ರದ ನಡುವೆ ಎರಡು ಕಡೆ ತಪ್ಪಿತು. ಮಗು ಅವರನ್ನೇ ನೋಡುತ್ತ ಮಲಗಿತ್ತು. ಎದೆ ಢವಢವ ಅಂತಿದೆ ತಾತ, ಅಂದಿತು. ಅವರು ತಗ್ಗಿದ ದನಿಯಲ್ಲಿ, ಬೇಡಿಕೊಳ್ಳುವವರ ಹಾಗೆ, ಇಳೀತಾ ಅವ್ವ ಅಂತ ಮತ್ತೆ ಕೇಳಿದರು.

"ಇಳೀತಾ ಇದೆ ತಾತ. ತುಂಬಾ."

ಹನ್ನೊಂದು ದಾಟಿತ್ತು. ಹೊಲದ ದಾರಿಯಲ್ಲಿ ದಾನೇಶ್ವರಿಯ ಸ್ಕೂಟಿ ಕಾಣಿಸಿತು. ಮಾವನಿಗೆ ಊಟ ಇಟ್ಟು ಡ್ಯೂಟಿಗೆ ವಾಪಸ್ ಹೋಗೋಣವೆಂದು ಬಂದಿದ್ದಳು, ಮೈಮೇಲೆ ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ. ಮಗುವನ್ನು ಕಂಡು ಕ್ಯಾರಿಯರ್ ಕೆಳಗಿಟ್ಟಳು. ಯಾರು, ಏನಾಯಿತು ಎಂದು ಕೇಳಿ ತಿಳಿದುಕೊಂಡು, ಮಗುವಿನ ಪಾದ ಮುಟ್ಟಿದಳು. ಮುಟ್ಟಿದ ಕೈಯನ್ನು ಹಾಗೇ ಇಟ್ಟುಕೊಂಡು ಮಾವನ ಕಡೆ ನೋಡಿದಳು. ಕಾಲು ಐಸಿನ ಹಾಗಿದೆ, ಮೈ ತೊಪ್ಪೆಯಾಗಿದೆ, ಯಾವಾಗಿನಿಂದ ಹೀಗೆ ಎಂದು ಕೇಳಿದಳು.

ಚಿಕ್ಕಮಲ್ಲಪ್ಪನವರಿಗೆ ಸಿಟ್ಟು ಬಂತು. ಹೆದರಿಕೆಯಾದಾಗ ಅವರಿಗೆ ಬರುತ್ತಿದ್ದದ್ದು ಸಿಟ್ಟೇ.

"ಇಳ್ದದ ಕಣವ್ವ. ಅವಳೇ ಹೇಳವಳೆ, ಎರಡು ಸಲ. ಬೇಕಾರೆ ನೀನೇ ಕೇಳು."

ದಾನೇಶ್ವರಿ ಮಂಡಿಯೂರಿ ಮಗುವಿನ ಕೆನ್ನೆಯ ಮೇಲಿನ ಕೂದಲು ಸರಿಸಿದಳು.

"ಏನು ಪುಟ್ಟ ಇಳೀತಾ ಇರೋದು?"

ಮಿಸ್ಬಾ ಕಣ್ಣು ಬಿಟ್ಟು ನೋಡಿದಳು. ಕಣ್ಣಿಗೆ ಕಾಣುವುದನ್ನು ಯಾಕೆ ಕೇಳುತ್ತಾರೆ ಎಂದು ಅವಳಿಗೆ ಆಶ್ಚರ್ಯವಾದಂತಿತ್ತು.

"ಬೆವರು, ಆಂಟಿ."

ಮನೆಯಲ್ಲಿ ಉರ್ದು ಆಡುವ ಮಗು, ಸ್ಕೂಲಿನ ಕನ್ನಡ ಕಲಿತ ಮಗು. ತಾತ ಕೇಳಿದ್ದಕ್ಕೆ ತನಗೆ ತಿಳಿದ ಹಾಗೆ ನಿಜವನ್ನೇ ಹೇಳಿತ್ತು. ಕತ್ತಿನಿಂದ ಬೆನ್ನಿಗೆ, ಹಣೆಯಿಂದ ಕಣ್ಣಿಗೆ ಇಳಿಯುತ್ತಿದ್ದದ್ದು ಬೆವರು. ಕೇಳಿದವರು ತಮಗೆ ಬೇಕಾದದ್ದನ್ನು ಕೇಳಿಸಿಕೊಂಡಿದ್ದರು.

ದಾನೇಶ್ವರಿ ಆಗಲೇ ಕಲಂದರನನ್ನು ಕೂಗುತ್ತಿದ್ದಳು. ಚಿಕ್ಕಮಲ್ಲಪ್ಪ ಎದ್ದರು. ಕಾಲು ಜೋಮು ಹಿಡಿದಿತ್ತು. ಎಲೆ ರಾಶಿಯ ಹತ್ತಿರ ಹೋಗಿ ಬಗ್ಗಿ ಚೊಂಬು ಎತ್ತಿದರು. ಸುಟ್ಟ ಇಟ್ಟಿಗೆಯ ಬಣ್ಣ. ಕಿರುಬೆರಳಷ್ಟು ಮೈ, ಬೆನ್ನ ಮೇಲೆ ಮಡಚಿದ ಬಾಲ. ಅದು ಓಡಲೂ ಇಲ್ಲ. ಬೆಳಕಿಗೆ ಸ್ವಲ್ಪ ಸರಿದು, ಅವರ ಎದುರಿಗೇ ನಿಂತುಕೊಂಡಿತು.

ಗಾಡಿಯ ಹಿಂಭಾಗದಲ್ಲಿ ದಾನೇಶ್ವರಿ ಮಗುವನ್ನು ಎದೆಗೆ ಒರಗಿಸಿ ಕೂತಳು, ಎದುರಿಗೆ ಚಿಕ್ಕಮಲ್ಲಪ್ಪ ಕೂತರು. ಕಾಲುವೆಯ ಸೇತುವೆ ಬಂದಾಗ ಅವರು ಕಣ್ಣು ಮುಚ್ಚಿದರು, ಕೆಳಗೆ ನೀರು ಹರಿಯುತ್ತಿತ್ತು. ಸೇತುವೆ ದಾಟಿದ ಮೇಲೆ ಮಗು ಕೆಮ್ಮತೊಡಗಿತು. ಉಸಿರಿನಲ್ಲಿ ಗೊರಗೊರ ಸದ್ದು. ತುಟಿಯ ಅಂಚಿಗೆ ನೊರೆ ಬಂತು, ತೆಳು ಗುಲಾಬಿ ಬಣ್ಣದ ನೊರೆ. ದಾನೇಶ್ವರಿ ಸೆರಗಿನಿಂದ ಒರೆಸಿದಳು. ಸೀರೆಯೂ ಗುಲಾಬಿ, ಕಲೆ ಕಾಣಲಿಲ್ಲ. ಮತ್ತೆ ಬಂತು, ಮತ್ತೆ ಒರೆಸಿದಳು. ಮುಂದೆ ಸ್ಟೀರಿಂಗ್ ಹಿಡಿದಿದ್ದ ಕಲಂದರ್ ಅಲ್ಲಾಹನನ್ನು ಕೂಗುತ್ತಲೇ ಇದ್ದ. ಚಿಕ್ಕಮಲ್ಲಪ್ಪ ಯಾರನ್ನೂ ಕೂಗಲಿಲ್ಲ. ಕೂಗುವ ಮುಖ ಉಳಿದಿರಲಿಲ್ಲ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಆಕ್ಸಿಜನ್ ಕಟ್ಟಿದರು, ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು, ಎದೆಗೆ ತಂತಿ ಹಚ್ಚಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, ಎಷ್ಟು ಹೊತ್ತಿಗೆ ಕುಟುಕಿದ್ದು, ಇಷ್ಟು ತಡ ಯಾಕೆ ಎಂದು ಕೇಳಿದರು. ದಾನೇಶ್ವರಿ ಮಾವನನ್ನು ನೋಡಿದಳು. ಚಿಕ್ಕಮಲ್ಲಪ್ಪ ಬಾಯಿ ತೆರೆದರು. ಆಡಬೇಕಿದ್ದದ್ದು ಇಳಿಯಲಿಲ್ಲ ಅನ್ನುವ ಒಂದು ಮಾತು.

ಅಷ್ಟರಲ್ಲಿ ಕಲಂದರ್ ಅಡ್ಡ ಬಂದ. ಗಾಡಿ ಪಂಚರ್ ಆಯ್ತು ಮೇಡಂ, ಅದಕ್ಕೇ ತಡ, ಅಂದ. ಅಪ್ಪಾಜಿಯ ಮರ್ಯಾದೆ ಹೋಗಬಾರದು ಎಂದು, ಮಗಳು ಒಳಗೆ ಗೊರಗೊರ ಅನ್ನುತ್ತಿರುವಾಗ, ಆ ಮನುಷ್ಯ ಸುಳ್ಳು ಹೇಳಿದ. ಚಿಕ್ಕಮಲ್ಲಪ್ಪ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡಾಗ ಮನಸ್ಸಿಗೆ ಸ್ವಲ್ಪ ಹಗುರವಾಯಿತು, ನಾಚಿಕೆಯ ಸಂಗತಿಯೆಂದರೆ ಅದೇ.

ಎರಡು ರಾತ್ರಿ ಎರಡು ಹಗಲು ಹೋಯಿತು. ಮೂರನೆಯ ದಿನ ಮಿಸ್ಬಾ ಎದ್ದು ಕೂತು ಬಿಸ್ಕತ್ತು ತಿಂದಳು. ಚಿಕ್ಕಮಲ್ಲಪ್ಪ ನೋಡಲು ಹೋದಾಗ ಅವಳ ತಾಯಿ ಮೆಹರ್ ಬಾನು ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಮೊದಲು ನೀವು ಇಳಿಸಿದ್ದಕ್ಕೇ ಆಸ್ಪತ್ರೆಯವರೆಗೆ ಜೀವ ತಡೆಯಿತು ಅಂದಳು. ಅವಳ ನಂಬಿಕೆ ಅದು, ಕಲಂದರನ ನಂಬಿಕೆಯೂ ಅದೇ. ಅರಿಸಿನದ ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವನು ಅಪ್ಪಾಜಿ ಮಗುವನ್ನು ಉಳಿಸಿದ ಕತೆ ಹೇಳಿದ. ಅರಿಸಿನ ತುಂಬಿದ ಲಾರಿಗಳು ಎಲ್ಲೆಲ್ಲಿಗೆ ಹೋದವೋ ಕತೆಯೂ ಅಲ್ಲಲ್ಲಿಗೆ ಹೋಯಿತು.

ಆವತ್ತು ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ದಾನೇಶ್ವರಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ಆಸ್ಪತ್ರೆಯೋರು ಉಳಿಸಿದ್ದು ಅಂತ ಒಂದ್ ಮಾತು ನೀವೇ ಹೇಳ್ಬುಡಿ ಮಾವ. ನಾನ್ ಹೇಳಿದ್ರೆ ಯಾರೂ ಕೇಳಾದಿಲ್ಲ."

ಹೇಳ್ತೀನಿ, ಮಗು ಮೊದಲು ಮನೆಗೆ ಬರಲಿ, ಅಂದರು. ಮಗು ಮನೆಗೆ ಬಂತು. ಅರಿಸಿನದ ಕೆಲಸ ಮುಗಿಯಲಿ, ಅಂದರು. ಅದೂ ಮುಗಿಯಿತು. ಅಷ್ಟರಲ್ಲಿ ದಾರಿಯಲ್ಲಿ ಜನ ನಿಂತು ಕೈ ಮುಗಿಯತೊಡಗಿದ್ದರು.

ಹನ್ನೆರಡನೆಯ ದಿನ ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಒರಗಿದ್ದಾಗ ಫೋನು ಬಂತು. ಗುರುತಿಲ್ಲದ ದನಿ. ತಾನು ಗುಂಡ್ಲುಪೇಟೆಯ ಆಚೆಯವನು, ಹೆಸರು ಮಂಟೇಸ್ವಾಮಿ, ಲಾರಿ ಡ್ರೈವರ್ ಒಬ್ಬರು ನಂಬರು ಕೊಟ್ಟರು ಎಂದಿತು ದನಿ. ಚೆಂಡುಹೂವಿನ ಹೊಲದಲ್ಲಿ ಕಲ್ಲು ಎತ್ತುವಾಗ ಮಗಳಿಗೆ ಹುಳ ಮುಟ್ಟಿದೆಯಂತೆ, ಒಂದು ಗಂಟೆಯ ಮೇಲಾಯಿತಂತೆ. ಎಲ್ಲವನ್ನೂ ಅಪ್ಪಾಜಿಯ ಪದ್ಧತಿಯಂತೆಯೇ ಮಾಡಿದ್ದಾನಂತೆ, ಪಾತ್ರೆ ಕವುಚಿದ್ದಾನೆ, ನೀರು ಕೊಟ್ಟಿಲ್ಲ. ಫೋನಿನಲ್ಲೇ ಮಂತ್ರ ಹೇಳಿದರೆ ಸಾಕಂತೆ.

ಚಿಕ್ಕಮಲ್ಲಪ್ಪ ಎದ್ದು ಕೂತರು. ಹುಳದ ಬಣ್ಣ ಯಾವುದು ಎಂದು ಕೇಳಿದರು. ನೋಡಲಿಲ್ಲ, ಆದರೆ ಸಣ್ಣದು, ಅಂದ ಮಂಟೇಸ್ವಾಮಿ. ಮಗು ಹೇಗಿದೆ ಎಂದು ಕೇಳಿದರು. ವಾಂತಿ ಮಾಡಿಕೊಂಡಳು, ಈಗ ಅಳು ನಿಲ್ಲಿಸಿ ಸುಮ್ಮನೆ ಮಲಗಿದ್ದಾಳೆ, ಅಂದ. ವಿದ್ಯೆ ಕಲಿತಂದಿನಿಂದ ಆಡದೆ ಇದ್ದ ಮಾತು ಆಗ ಬಾಯಿಗೆ ಬಂತು.

"ನನ್ ಕೈಲಿ ಇಳೀನಿಲ್ಲ ಕಣಪ್ಪ. ಸಾಬ್ರ ಮಗೀಗೂ ಇಳೀನಿಲ್ಲ, ಆಸ್ಪತ್ರೆಯೋರು ಉಳಿಸುದ್ರು. ನಾನು ತಡ ಮಾಡ್ಬುಟ್ಟೆ. ನೀ ಮಾಡ್ಬ್ಯಾಡ. ಈಗ್ಲೇ ಎತ್ಕೊಂಡು ಗುಂಡ್ಲುಪೇಟೆ ಆಸ್ಪತ್ರೆಗೆ ಓಗು."

ಆ ಕಡೆ ಮಂಟೇಸ್ವಾಮಿ ನಕ್ಕ. ಗೇಲಿಯ ನಗುವಲ್ಲ, ಭಕ್ತಿಯ ನಗು.

"ದೊಡ್ಡೋರು ಇಂಗೇ ಅನ್ನಾದು ಅಂತ ಡ್ರೈವರಣ್ಣ ಮೊದ್ಲೇ ಹೇಳಿದ್ರು. ಫೋನ ಮಗೀನ ಕಿವಿಗೆ ಮಡುಗ್ತಾ ಇವ್ನಿ. ಶುರು ಮಾಡಿ ಅಪ್ಪಾಜಿ."

ಬಟ್ಟೆಗೆ ಉಜ್ಜಿದ ಸದ್ದು. ಆಮೇಲೆ ಉಸಿರು. ಪುಟ್ಟ ಎದೆಯ ಗೊರಗೊರ ಉಸಿರು, ಕಿವಿಯ ಪಕ್ಕದಲ್ಲೇ ಎಂಬಂತೆ. ಚಿಕ್ಕಮಲ್ಲಪ್ಪ ದಾನೇಶ್ವರಿಯನ್ನು ಕೂಗಿದರು, ಅವಳು ಮನೆಯಲ್ಲಿರಲಿಲ್ಲ. ಫೋನಿಗೆ ಬಾಯಿ ಹಚ್ಚಿ ಕೂಗಿದರು, ಮಂಟೇಸ್ವಾಮಿ ಅಂತ, ಆಸ್ಪತ್ರೆ ಅಂತ, ಓಗು ಅಂತ. ಕೂಗಿದ್ದೆಲ್ಲ ಹೋಗಿ ಬಿದ್ದದ್ದು ಒಂದು ಮಗುವಿನ ಕಿವಿಗೆ ಮಾತ್ರ.

"ಅವ್ವಾ, ನಿಮ್ಮಪ್ಪನ ಕೈಗೆ ಕೊಡವ್ವ ಫೋನ. ನಿಮ್ಮಪ್ಪಂಗೆ ಹೇಳು."

ಮಗು ಒಂದೆರಡು ಉಸಿರು ತೆಗೆದುಕೊಂಡಿತು. ತಾತ ಕೇಳಿದರೆ ಏನು ಹೇಳಬೇಕೆಂದು ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದರು. ಬಲು ಮರ್ಯಾದೆಯಿಂದ ಹೇಳಿತು.

"ಇಳೀತಾ ಅದ ತಾತ."